ಪಿಕಪ್ ವಾಹನದಲ್ಲಿ ಮೋಟಾರ್ ಸೈಕಲ್ ಸಾಗಿಸುವ ಕ್ರಮ

ಮೂಟೆ ಕಟ್ಟುವ ವಿದ್ಯೆಯನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿಯಾಗಲಿ, ಅಡಿಕೆಯಾಗಲಿ, ಗೊಬ್ಬರವಾಗಲಿ, ಪಿಕಪ್ಪಿನಲ್ಲಿ ಹೇಗೆ ಅಟ್ಟಿ ಹಾಕಬೇಕು, ಹಗ್ಗವನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂಬುದು ನಮಗೆಲ್ಲ ಕೈಯಲ್ಲೇ ಇದೆ. ಆದರೆ ಅದೇ ಕೈ, ಅದೇ ಹಗ್ಗದಿಂದ ಮೋಟಾರ್ ಸೈಕಲ್ಲನ್ನು ಕಟ್ಟಲು ಹೋದಾಗ ಮೋಸವಾಗುತ್ತದೆ. ಈ ಮೋಸ ನಮಗೂ ಆಗಿದೆ. ಆದ್ದರಿಂದಲೇ ಈ ಲೇಖನ.

ಮೊದಲೆಲ್ಲ ಬೈಕು ಕೆಟ್ಟರೆ ಪೇಟೆಯ ಮೆಕ್ಯಾನಿಕ್ಕು ತೋಟಕ್ಕೇ ಬಂದು ಕಾರ್ಬುರೇಟರು ಬಿಚ್ಚಿ, ಊದಿ, ಮತ್ತೆ ಕೂರಿಸಿ ಹೋಗುತ್ತಿದ್ದ. 2020ರ ಏಪ್ರಿಲ್ ಒಂದರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರು ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಅದು ಕೈಕೊಟ್ಟರೆ ಉಪಕರಣವಿರುವ ವರ್ಕ್‌ಶಾಪಿಗೇ ಒಯ್ಯಬೇಕು. ಹೀಗಾಗಿ ಘಟ್ಟದ ಮೇಲಿನ ನಾವು ಬೈಕನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗುವ ಸಂದರ್ಭಗಳು ಮೊದಲಿಗಿಂತ ಹೆಚ್ಚಾಗಿವೆ. ಓದಲು ಕೆಳಗಿನ ಊರಿಗೆ ಹೋದ ಮಕ್ಕಳಿಗೆ ಬೈಕು ತಲುಪಿಸುವುದು, ಮಳೆಗಾಲದಲ್ಲಿ ದಾರಿಯಲ್ಲಿ ನಿಂತ ಬೈಕನ್ನು ಮನೆಗೆ ತರುವುದು, ಇವೂ ಇದ್ದೇ ಇವೆ.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಯ ಹಳೆಯ ಬುಲೆಟ್ಟನ್ನು ರಿಪೇರಿಗೆ ಕಳಿಸಿದೆವು. ಪಿಕಪ್ಪಿನಲ್ಲಿ ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡಲಿಗೊಂದು, ಕ್ಯಾರಿಯರಿಗೊಂದು ನೈಲಾನ್ ಹಗ್ಗ ಬಿಗಿದು, ಅದರ ಮೇಲೂ ಭದ್ರವಿರಲಿ ಎಂದು ನಮ್ಮ ಕೊನೆಗಾರನನ್ನು ಹಿಂದೆ ಹತ್ತಿಸಿ "ಸ್ವಲ್ಪ ಹಿಡ್ಕೊಂಡಿರು" ಎಂದೆವು. ಇದನ್ನು ಹೇಳಿದವರು ನಾವೇ. ಚಾಲಕನಲ್ಲ, ಅವನೂ ಅಲ್ಲ. ಘಟ್ಟದ ನಾಲ್ಕನೆಯ ತಿರುವಿನಲ್ಲಿ ಚಕ್ರ ಒಂದು ಹೊಂಡಕ್ಕೆ ಇಳಿದು ಏಳುವುದರೊಳಗೆ ಸ್ಟ್ಯಾಂಡು ಮಡಚಿಕೊಂಡು ಬೈಕು ಅವನ ಮೇಲೆಯೇ ಒರಗಿತು. ಫುಟ್‌ರೆಸ್ಟಿನ ಅಡಿ ಪಾದ ಸಿಕ್ಕಿ ಹರಡಿನ ಮೂಳೆ ಮುರಿಯಿತು. ಕೊನೆ ಕೊಯ್ಲು ಶುರುವಾಗಲು ಇನ್ನೂ ಮೂರು ವಾರವೂ ಇರಲಿಲ್ಲ. ಕಾಲಿಗೆ ತಳೆ ಹಾಕಿ ಮರ ಹತ್ತುವವನಿಗೆ ಪಾದವೇ ಬಂಡವಾಳ. ಆ ವರ್ಷದ ಕೊಯ್ಲು ಅವನಿಗೆ ಪೂರ್ತಿ ತಪ್ಪಿಹೋಯಿತು. ಆಸ್ಪತ್ರೆಯ ಖರ್ಚನ್ನೂ ಅವನ ಮನೆಯ ಖರ್ಚನ್ನೂ ನಾವು ಕೊಟ್ಟೆವು ಎಂಬುದೇನೂ ಹೇಳಿಕೊಳ್ಳುವ ಮಾತಲ್ಲ, ಕೊಡಲೇಬೇಕಾಗಿತ್ತು. ನೋಡಲು ಹೋದಾಗ ಅವನು ಹೇಳಿದ್ದು ಇಷ್ಟೇ: "ಅಯ್ಯಾ, ಮರದ ಮೇಲೆ ನಾನು ಹಗ್ಗ ನಂಬ್ತೀನಿ, ಕೈ ನಂಬಲ್ಲ. ಗಾಡೀಲಿ ಮಾತ್ರ ಕೈ ನಂಬ್ಬಿಟ್ಟೆ."

ಆ ಮೇಲೆ ನಾವು ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ನಮ್ಮದೇ ಪಿಕಪ್ಪಿನಲ್ಲಿ ಹಲವು ಸಲ ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ.

ಮೂಟೆಗೂ ಬೈಕಿಗೂ ಇರುವ ವ್ಯತ್ಯಾಸ

ಮೂಟೆಗೆ ಸ್ಪ್ರಿಂಗ್ ಇಲ್ಲ, ಬೈಕಿಗೆ ಇದೆ. ಎಲ್ಲ ತೊಂದರೆಯ ಮೂಲ ಇಲ್ಲಿದೆ.

ಬೈಕನ್ನು ಸುಮ್ಮನೆ ನಿಲ್ಲಿಸಿ ಹಗ್ಗವನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ, ಪಿಕಪ್ಪಿನ ಚಕ್ರ ಹೊಂಡಕ್ಕೆ ಬಿದ್ದಾಗ ಬೈಕಿನ ಶಾಕ್ ಅಬ್ಸಾರ್ಬರು ಕುಗ್ಗುತ್ತದೆ, ಬೈಕಿನ ಮೈ ಕೆಳಗಿಳಿಯುತ್ತದೆ. ಆ ಕ್ಷಣದಲ್ಲಿ ಹಗ್ಗ ಸಡಿಲ. ಕೊಕ್ಕೆ ಹಾಕಿದ್ದರೆ ಕೊಕ್ಕೆ ಕಳಚಿಕೊಳ್ಳುವುದೂ ಆಗಲೇ. ಅರ್ಧ ಸೆಕೆಂಡಿನ ನಂತರ ಸ್ಪ್ರಿಂಗು ಮೇಲೆದ್ದು ಹಗ್ಗ ಮತ್ತೆ ಬಿಗಿಯಾಗುತ್ತದೆ ನಿಜ. ಆದರೆ ಅಷ್ಟರೊಳಗೆ ತಿರುವೊಂದು ಬಂದಿದ್ದರೆ ಬೈಕು ಓರೆಯಾಗಿರುತ್ತದೆ. ಮಲೆನಾಡಿನ ರಸ್ತೆಯಲ್ಲಿ ಹೊಂಡವೂ ತಿರುವೂ ಬೇರೆಬೇರೆಯಾಗಿ ಬರುವುದು ಅಪರೂಪ.

ಹಾಗಾದರೆ ಉಪಾಯವೇನು? ಸ್ಪ್ರಿಂಗನ್ನು ಮೊದಲೇ ಒಂದಷ್ಟು ಕುಗ್ಗಿಸಿ ಕಟ್ಟುವುದು. ಆಗ ಸ್ಪ್ರಿಂಗು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ, ಹಗ್ಗವೋ ಬೆಲ್ಟೋ ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಬೈಕು ಇನ್ನೂ ಒಂದಂಗುಲ ಕುಗ್ಗಿದರೂ ಆ ಒಂದಂಗುಲವನ್ನು ಸ್ಪ್ರಿಂಗೇ ತುಂಬಿಕೊಡುತ್ತದೆ, ಎಳೆತ ತಪ್ಪುವುದಿಲ್ಲ. ಕೆಡಿಸುತ್ತಿದ್ದ ಸ್ಪ್ರಿಂಗೇ ಈಗ ಕಾಯುವ ಸ್ಪ್ರಿಂಗಾಗುತ್ತದೆ. ಬೈಕು ಕಟ್ಟುವ ಕೆಲಸದಲ್ಲಿ ಈ ಒಂದು ಮಾತನ್ನು ತಿಳಿದರೆ ಮುಕ್ಕಾಲು ತಿಳಿದಂತೆ.

ಇದೇ ಕಾರಣಕ್ಕೆ ಬೈಕಿನ ಪಕ್ಕದಲ್ಲಿ ತೌಡಿನ ಚೀಲ, ಅಡಿಕೆ ಸಿಪ್ಪೆಯ ಮೂಟೆ ಇವನ್ನು ಒತ್ತಿ ಇಟ್ಟು ನಿಲ್ಲಿಸುವ ಪದ್ಧತಿಯೂ ಸರಿಯಲ್ಲ. ಐದು ಮೈಲಿ ಹೋಗುವುದರೊಳಗೆ ಚೀಲ ಕುಳಿತುಕೊಂಡು ಜಾಗ ಬಿಡುತ್ತದೆ. ಕಾಫಿ, ಅಡಿಕೆ ಮೂಟೆಗಳನ್ನಂತೂ ಬೈಕಿನ ಜೊತೆ ಹಾಕಲೇಬಾರದು. ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ಸರಕು ಎಂಬುದು ಸದಸ್ಯರಿಗೆ ತಿಳಿದದ್ದೇ. ಒಂದು ಲೋಟ ಪೆಟ್ರೋಲು ಚೆಲ್ಲಿದರೂ ಸಾಕು, ಗ್ರೇಡಿಂಗಿನಲ್ಲಿ ಆ ಮೂಟೆಯ ಗತಿ ಏನಾದೀತೆಂದು ಬರೆಯಬೇಕಾಗಿಲ್ಲ.

ಹಿಡಿದುಕೊಂಡವನ ಕೈಗೆ ಬೀಳುವ ಭಾರ

"ಒಬ್ಬ ಹಿಂದೆ ಹಿಡಿದುಕೊಂಡಿದ್ದರೆ ಸಾಕು" ಎನ್ನುವವರು ಈ ಸಣ್ಣ ಲೆಕ್ಕವನ್ನು ನೋಡಬೇಕು.

ಸ್ಪ್ಲೆಂಡರಿನಂಥ ಬೈಕು ಪೆಟ್ರೋಲು ಸೇರಿ ಸುಮಾರು 112 ಕಿಲೋ ತೂಗುತ್ತದೆ, 350 ಸಿ.ಸಿ. ಬುಲೆಟ್ಟು ಸುಮಾರು 190 ಕಿಲೋ. 15 ಮೀಟರು ತ್ರಿಜ್ಯದ ಒಂದು ಹಿಮ್ಮುರಿ ತಿರುವನ್ನು ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ತಿರುಗಿದರೆ ಗಾಡಿಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಅದರ ತೂಕದ ಐದನೆಯ ಒಂದು ಭಾಗದಷ್ಟು ಬಲ ಹೊರಕ್ಕೆ ತಳ್ಳುತ್ತದೆ. ಅಂದರೆ ಬುಲೆಟ್ಟಿಗೆ ಸುಮಾರು 40 ಕಿಲೋ. ಅದೇ ತಿರುವನ್ನು 30ರ ವೇಗದಲ್ಲಿ ತಿರುಗಿದರೆ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಬಲ ಏರುವುದು ವೇಗದ ವರ್ಗದಂತೆ. ಆಗ ಅದು ತೂಕದ ಹತ್ತಿರಹತ್ತಿರ ಅರ್ಧ, ಎಂದರೆ 90 ಕಿಲೋ ಆಗುತ್ತದೆ. ಹೆಚ್ಚುಕಡಿಮೆ ಎರಡು ಕಾಫಿ ಮೂಟೆ. ಅಲುಗಾಡುವ ಗಾಡಿಯಲ್ಲಿ, ಹಿಡಿಯಲು ಆಸರೆಯಿಲ್ಲದೆ ನಿಂತ ಮನುಷ್ಯ ಎರಡು ಮೂಟೆಯ ನೂಕನ್ನು ಕೈಯಲ್ಲಿ ತಡೆಯಬಲ್ಲನೆ? ಅವನನ್ನೂ ಅದೇ ಬಲ ಅದೇ ಕಡೆಗೆ ತಳ್ಳುತ್ತಿರುತ್ತದೆ ಎಂಬುದನ್ನೂ ಮರೆಯಬಾರದು.

ಯೂರೋಪಿನಲ್ಲಿ ರಸ್ತೆ ಸರಕನ್ನು ಕಟ್ಟುವುದಕ್ಕೆ ಒಂದು ಮಾನದಂಡವಿದೆ. ಅದರ ಪ್ರಕಾರ ಕಟ್ಟು ಮುಂದಕ್ಕೆ ಸರಕಿನ ತೂಕದ ಹತ್ತರಲ್ಲಿ ಎಂಟು ಭಾಗವನ್ನೂ, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ಭಾಗವನ್ನೂ ತಡೆಯುವಂತಿರಬೇಕು. ಮುಂದಿನ ಲೆಕ್ಕ ಗಟ್ಟಿ ಬ್ರೇಕಿನದು. ಬುಲೆಟ್ಟಿನ ಮಟ್ಟಿಗೆ ಇದು ಮುಂದಕ್ಕೆ 150 ಕಿಲೋ, ಪಕ್ಕಕ್ಕೆ 95 ಕಿಲೋ. ನಮ್ಮ ಘಟ್ಟದ ಲೆಕ್ಕವೂ ಇದಕ್ಕೆ ಸರಿಹೊಂದುತ್ತದೆ. ಕಟ್ಟಬೇಕಾದದ್ದು ಇಷ್ಟು ಬಲಕ್ಕೆ ಎಂದು ಇಟ್ಟುಕೊಂಡರೆ ಸಾಮಾನು ಆರಿಸುವುದು ಸುಲಭ.

ಬೇಕಾಗುವ ಸಾಮಾನು

ರ‍್ಯಾಚೆಟ್ ಬೆಲ್ಟು ನಾಲ್ಕು. ಒಂದಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿಯದು ಸಾಕು. ಒಳ್ಳೆಯ ಬೆಲ್ಟಿನ ಮೇಲೆ ಚೀಟಿ ಹೊಲಿದು ಎಷ್ಟು ಭಾರಕ್ಕೆ ಎಂದು ಬರೆದಿರುತ್ತದೆ. ಡಿ.ಎ.ಎನ್. ಎಂಬ ಅಳತೆಯಿದ್ದರೆ ಅದನ್ನು ಕಿಲೋ ಎಂದೇ ಓದಿಕೊಳ್ಳಬಹುದು, ವ್ಯತ್ಯಾಸ ಬಹಳ ಕಡಿಮೆ. ಕಡಿಯುವ ಭಾರವನ್ನು ಮಾತ್ರ ಬರೆದಿದ್ದರೆ ಅದರ ಮೂರನೆಯ ಒಂದು ಭಾಗವನ್ನಷ್ಟೇ ನಂಬಬೇಕು. ಒಂದೊಂದು ಬೆಲ್ಟೂ 250 ಕಿಲೋ ಕೆಲಸದ ಭಾರ ತಡೆಯುವಂಥದ್ದಾದರೆ ಬುಲೆಟ್ಟಿಗೂ ಧಾರಾಳ. ಚೀಟಿಯೇ ಇಲ್ಲದ ಬೆಲ್ಟನ್ನು ಕೊಳ್ಳದಿರುವುದು ಲೇಸು.

ಮೆತ್ತನೆಯ ಕುಣಿಕೆ ನಾಲ್ಕು. ಬೆಲ್ಟಿನ ಕಬ್ಬಿಣದ ಕೊಕ್ಕೆಯನ್ನು ನೇರವಾಗಿ ಬೈಕಿಗೆ ಹಾಕಿದರೆ ಬಣ್ಣ ಕೀಳುತ್ತದೆ, ಜಾರಿಯೂ ಬೀಳುತ್ತದೆ. ಒಂದೂವರೆ ಅಡಿಯ ಪಟ್ಟಿಯ ಕುಣಿಕೆಯನ್ನು ಬೈಕಿನ ಭಾಗಕ್ಕೆ ಸುತ್ತಿ, ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಬೇಕು.

ಹಗ್ಗವೇ ಗತಿಯಾದರೆ? ತೆಂಗಿನ ನಾರಿನ ಹಗ್ಗವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಗಡಿಯಲ್ಲಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಗಂಟೂ ಜಾರುತ್ತದೆ. ನೈಲಾನ್ ಗಟ್ಟಿಯೇನೋ ಹೌದು, ಆದರೆ ಎಳೆದಂತೆ ಹಿಗ್ಗುವ ಗುಣ ಅದರದು. ನೆನೆದರೆ ಇನ್ನೂ ಹೆಚ್ಚು. ಮನೆಯಲ್ಲಿ ಬಿಗಿಯಾಗಿದ್ದ ನೈಲಾನ್ ಕಟ್ಟು ಮಳೆಯಲ್ಲಿ ಘಟ್ಟ ಇಳಿಯುವಾಗ ಸಡಿಲವಾಗಿರುವುದು ಇದರಿಂದಲೇ. ನಮ್ಮ ಬುಲೆಟ್ಟಿಗೆ ಆದದ್ದೂ ಇದೇ. ಅನಿವಾರ್ಯವಾದರೆ ಪಾಲಿಯೆಸ್ಟರ್ ಹಗ್ಗ ಬಳಸಿ, ಲಾರಿಯವರ ಎಳೆಗಂಟು ಹಾಕಿ. ಹಗ್ಗದ ನಡುವೆ ಒಂದು ಕಣ್ಣು ಮಾಡಿ, ತುದಿಯನ್ನು ಗಾಡಿಯ ಕೊಕ್ಕೆಗೆ ಸುತ್ತಿ ತಂದು, ಆ ಕಣ್ಣಿನೊಳಗೆ ತೂರಿಸಿ ಕೆಳಕ್ಕೆ ಎಳೆಯುವ ಗಂಟು ಅದು. ಲೆಕ್ಕಕ್ಕೆ ನಮ್ಮ ಕೈಬಲದ ಮೂರು ಪಟ್ಟು ಎಳೆತ ಬರಬೇಕು. ತಿಕ್ಕಾಟದಿಂದ ಒಂದಷ್ಟು ಕಳೆದರೂ ಬರಿಯ ಎಳೆತಕ್ಕಿಂತ ಎಷ್ಟೋ ಮೇಲು.

ಗಾಡಿಯಲ್ಲಿ ಬಳೆ ನಾಲ್ಕು. ಸಾಮಾನ್ಯವಾಗಿ ಪಿಕಪ್ಪಿನ ಬದಿಯ ಹೊರಗೆ ಹಗ್ಗದ ಕೊಕ್ಕೆಗಳಿರುತ್ತವೆ. ಅವು ಟಾರ್ಪಾಲಿಗೆ ಸರಿ. ಬೈಕಿಗೆ ಬಳಸಿದರೆ ಬೆಲ್ಟು ಬದಿಯ ತಗಡಿನ ಅಂಚಿಗೆ ಉಜ್ಜಿ ಸವೆಯುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿಯ ಒಳಗೆ ನಾಲ್ಕು ಮೂಲೆಗೂ ಒಂದೊಂದು ದಪ್ಪ ಬಳೆ ಹಾಕಿಸಿಕೊಳ್ಳಿ. ಬರಿಯ ತಗಡಿಗೆ ಬೆಸೆದರೆ ತಗಡೇ ಕಿತ್ತು ಬರುತ್ತದೆ. ಅಡಿಯ ಪಟ್ಟಿಗೆ ತಾಗುವಂತೆ ಬೆಸೆಯಲು ಹೇಳಬೇಕು. ಹೊರಗಿನ ಕೊಕ್ಕೆಯನ್ನೇ ಬಳಸುವ ದಿನ ಅಂಚಿನಲ್ಲಿ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಇಡಿ.

ಹಲಗೆ ಒಂದು. ಎಂಟಡಿ ಉದ್ದ, ಒಂದಡಿ ಅಗಲ, ಎರಡಂಗುಲ ದಪ್ಪದ ಮರದ ಹಲಗೆ. ಅಡಿಕೆ ದಬ್ಬೆಗಳನ್ನು ಜೋಡಿಸಿ ಬೈಕು ಹತ್ತಿಸುವುದನ್ನು ನೋಡಿದ್ದೇವೆ. ಸಂಕಕ್ಕೆ ಅಡಿಕೆ ಮರ ಸರಿ, ಇದಕ್ಕೆ ಬೇಡ. ದಬ್ಬೆ ಒಂದಕ್ಕೊಂದು ಸರಿದು ನಡುವೆ ಚಕ್ರ ಸಿಕ್ಕಿಕೊಳ್ಳುತ್ತದೆ, ಮಳೆಯಲ್ಲಿ ಎಣ್ಣೆ ಹಚ್ಚಿದಂತೆ ಜಾರುತ್ತದೆ.

ಹತ್ತಿಸುವುದು

ಪಿಕಪ್ಪಿನ ಹಿಂಭಾಗ ನೆಲದಿಂದ ಸಾಧಾರಣ ಎರಡೂವರೆ ಅಡಿ ಎತ್ತರ. ಎಂಟಡಿ ಹಲಗೆಯಲ್ಲಿ ಬುಲೆಟ್ಟನ್ನು ನೂಕಲು ಸುಮಾರು 60 ಕಿಲೋ ಬಲ ಬೇಕು, ಆರಡಿ ಹಲಗೆಯಲ್ಲಿ 80 ಕಿಲೋ. ಹಲಗೆ ಉದ್ದವಾದಷ್ಟೂ ಸುಲಭ.

ಆದರೆ ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಅನುಕೂಲವಿದೆ, ಅದನ್ನು ನಾವೇ ಮರೆಯುತ್ತೇವೆ. ಪ್ರತಿ ಮನೆಯ ಹತ್ತಿರವೂ ಒಂದು ದರೆಯೋ, ಕಾಫಿ ಕಣದ ಕಟ್ಟೆಯೋ ಇದ್ದೇ ಇರುತ್ತದೆ. ಗಾಡಿಯನ್ನು ಹಿಮ್ಮುಖವಾಗಿ ಕಣದ ಕಟ್ಟೆಗೆ ಆನಿಸಿ ನಿಲ್ಲಿಸಿದರೆ ಹಲಗೆ ಬಹುಮಟ್ಟಿಗೆ ಸಮತಟ್ಟಾಗಿ ಬರುತ್ತದೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡಬಹುದು. ಇಳಿಸುವ ಜಾಗದಲ್ಲೂ ಇಂಥದ್ದೇ ದಿಬ್ಬ ಹುಡುಕುವುದು ಜಾಣತನ.

ಹಲಗೆಯೇ ಬೇಕಾದಾಗ ಮೂರು ಎಚ್ಚರಿಕೆ. ಒಂದು, ಹಲಗೆಯ ಮೇಲಿನ ತುದಿಯನ್ನು ಗಾಡಿಗೆ ಕಟ್ಟಿರಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಮೇಲೆ ಹತ್ತಿ ಹಿಂದಿನ ಚಕ್ರ ನಡುವೆ ಇರುವಾಗ ಹಲಗೆ ಹಿಂದಕ್ಕೆ ಜಾರುತ್ತದೆ. ಎರಡು, ಬೈಕು ಹಲಗೆ ಹತ್ತುತ್ತದೆ, ಅದನ್ನು ಹಿಡಿದವನು ಎಲ್ಲಿ ಹತ್ತಬೇಕು? ಪಕ್ಕದಲ್ಲಿ ಇನ್ನೊಂದು ಹಲಗೆಯನ್ನೋ ಗಟ್ಟಿ ಪೆಟ್ಟಿಗೆಯನ್ನೋ ಮೊದಲೇ ಇಟ್ಟಿರಬೇಕು. ಹತ್ತಿಸುವಾಗ ಬೀಳುವುದರಲ್ಲಿ ಹೆಚ್ಚಿನವು ಈ ಹೆಜ್ಜೆ ಸಿಗದೆ ಆಗುವಂಥವು. ಮೂರು, ಇಂಜಿನ್ ಚಾಲೂ ಮಾಡಿ ಬೈಕಿನ ಮೇಲೆ ಕುಳಿತು ಹತ್ತಿಸುವ ಸಾಹಸ ಬೇಡವೇ ಬೇಡ. ಹುಡುಗರು ಮಾಡುತ್ತಾರೆ. ಕೊನೆಗೆ ಬ್ರೇಕು ಹಿಡಿಯುವಷ್ಟು ಜಾಗ ಅಲ್ಲಿಲ್ಲ, ಎದುರಿಗೆ ಕ್ಯಾಬಿನ್ನಿನ ಗಾಜಿದೆ.

ಕಟ್ಟುವುದು

ಬೈಕನ್ನು ಗಾಡಿಯ ನಡುವೆ, ಮುಂದಿನ ಚಕ್ರ ಕ್ಯಾಬಿನ್ನಿನ ಹಿಂದಿನ ತಡೆಗೆ ನೇರವಾಗಿ ತಾಗುವಂತೆ ನಿಲ್ಲಿಸಬೇಕು. ತಗಡು ತೆಳುವಾಗಿದ್ದರೆ ನಡುವೆ ಒಂದು ಹಲಗೆ ತುಂಡು ಇಡಿ. ಹಳೆಯ ಟಯರು ಇಡುವವರಿದ್ದಾರೆ. ಅದೂ ಕುಗ್ಗಿ ಹಿಗ್ಗುವ ವಸ್ತುವೇ, ಆದ್ದರಿಂದ ಬೇಡ. ಏಸ್‌ನಂಥ ಸಣ್ಣ ಗಾಡಿಯ ಒಳ ಉದ್ದ ಸುಮಾರು ಏಳಡಿ. ಸ್ಪ್ಲೆಂಡರು ಆರೂವರೆ ಅಡಿಯಷ್ಟಿರುವುದರಿಂದ ಕೂರುತ್ತದೆ, ಬುಲೆಟ್ಟಿಗೆ ಜಾಗ ಬಹಳ ಬಿಗಿ. ಹಿಂದಿನ ಬಾಗಿಲು ಹಾಕಲು ಬಾರದಿದ್ದರೆ ದೊಡ್ಡ ಗಾಡಿ ತರುವುದೇ ಸರಿ. ಬಾಗಿಲು ತೆರೆದು ಹೋದರೆ ನಂಬರ್ ಪ್ಲೇಟೂ ಹಿಂದಿನ ದೀಪವೂ ಮರೆಯಾಗುತ್ತವೆ.

ಈಗ ಸೈಡ್ ಸ್ಟ್ಯಾಂಡು ಹಾಕಿ, ಒಬ್ಬರು ಎಡಗಡೆ ನಿಂತು ಬೈಕನ್ನು ಹಿಡಿದಿರಲಿ. ಗಾಡಿ ನಿಂತಿರುವಾಗ ಮಾತ್ರ ಈ ಹಿಡಿಯುವ ಕೆಲಸ.

ಮುಂದಿನ ಎರಡು ಬೆಲ್ಟು ಮೊದಲು. ಕುಣಿಕೆಯನ್ನು ಹ್ಯಾಂಡಲಿನ ತುದಿಗೆ ಹಾಕಬೇಡಿ. ಎಳೆತಕ್ಕೆ ಹ್ಯಾಂಡಲು ತಿರುಚಿಕೊಳ್ಳುತ್ತದೆ, ಕ್ಲಚ್ಚಿನ ತಂತಿ ಸಿಕ್ಕಿಕೊಳ್ಳುತ್ತದೆ. ಹ್ಯಾಂಡಲಿನ ಕೆಳಗೆ ಎರಡು ಫೋರ್ಕ್ ಕೊಳವೆಗಳನ್ನು ಹಿಡಿದಿರುವ ದಪ್ಪ ಕಬ್ಬಿಣದ ಪಟ್ಟಿಯಿದೆಯಲ್ಲ, ಅದರ ಮೇಲೆ ಕುಣಿಕೆ ಬರಬೇಕು. ತಂತಿ, ವೈರು, ಬ್ರೇಕಿನ ಕೊಳವೆ ಯಾವುದೂ ಅಡಿಗೆ ಸಿಗದಂತೆ ನೋಡಿಕೊಳ್ಳಿ. ಅಲ್ಲಿಂದ ಬೆಲ್ಟು ಮುಂದಕ್ಕೂ, ಹೊರಕ್ಕೂ, ಕೆಳಕ್ಕೂ ಇಳಿದು ಗಾಡಿಯ ಮುಂದಿನ ಮೂಲೆಗಳಿಗೆ ಹೋಗಬೇಕು. ನೆಲದೊಂದಿಗೆ ಅರ್ಧ ಲಂಬಕೋನ, ಎಂದರೆ 45 ಡಿಗ್ರಿಯ ಆಸುಪಾಸು ಇದ್ದರೆ ಕೆಳಕ್ಕೂ ಪಕ್ಕಕ್ಕೂ ಎಳೆತ ಸಮನಾಗಿ ಸಿಗುತ್ತದೆ. ನೆಟ್ಟಗೆ ಕೆಳಕ್ಕೆ ಕಟ್ಟಿದರೆ ಬೈಕು ಪಕ್ಕಕ್ಕೆ ವಾಲುವುದನ್ನು ಅದು ತಡೆಯುವುದಿಲ್ಲ.

ಎಡದ್ದು ಎರಡು ಹಲ್ಲು, ಬಲದ್ದು ಎರಡು ಹಲ್ಲು ಎಂಬಂತೆ ಸರದಿಯಲ್ಲಿ ಬಿಗಿಯಬೇಕು. ಬೈಕು ನೆಟ್ಟಗೆ ನಿಂತ ಕೂಡಲೇ ಸೈಡ್ ಸ್ಟ್ಯಾಂಡನ್ನು ಎತ್ತಿಬಿಡಿ. ಸ್ಟ್ಯಾಂಡಿನ ಮೇಲೆ ಬೈಕು ಸಾಗಿಸಿದರೆ ಒಂದೋ ಸ್ಟ್ಯಾಂಡು ಮಡಚಿಕೊಳ್ಳುತ್ತದೆ, ಇಲ್ಲವೇ ಅದರ ಬುಡ ಬಗ್ಗುತ್ತದೆ. ನಡುವಿನ ಸ್ಟ್ಯಾಂಡೂ ಬೇಡ. ಬೈಕಿನ ಎರಡು ಚಕ್ರವೂ ಗಾಡಿಯ ನೆಲದ ಮೇಲಿರಬೇಕು.

ಎಷ್ಟು ಬಿಗಿಯಬೇಕು? ಇಲ್ಲಿ ಕೈಗಿಂತ ಅಳತೆ ಮೇಲು. ಬೈಕು ತನ್ನ ಭಾರಕ್ಕೆ ತಾನೇ ಕುಳಿತ ಮಟ್ಟದಲ್ಲಿ ಫೋರ್ಕಿನ ಹೊಳೆಯುವ ಭಾಗ ಎಷ್ಟು ಕಾಣುತ್ತದೆಂದು ಟೇಪಿನಲ್ಲಿ ನೋಡಿ, ಅಲ್ಲಿಂದ ಸುಮಾರು ಎರಡಂಗುಲ ಇಳಿಯುವವರೆಗೆ ಬಿಗಿಯಿರಿ. ಉಳಿದ ಆಟದ ಅರ್ಧ ಎಂಬುದು ಲೆಕ್ಕ. ಪೂರ್ತಿ ತಳ ಮುಟ್ಟುವವರೆಗೆ ಬಿಗಿಯುವುದು ತಪ್ಪು. ಆಗ ಕುಗ್ಗಲು ಸ್ಪ್ರಿಂಗೇ ಉಳಿಯುವುದಿಲ್ಲ. ಪ್ರತಿ ಹೊಂಡದ ಪೆಟ್ಟೂ ಬೆಲ್ಟಿಗೆ, ಬಳೆಗೆ ನೇರವಾಗಿ ಬೀಳುತ್ತದೆ, ಫೋರ್ಕಿನ ಆಯಿಲ್ ಸೀಲೂ ಸೋರಲು ತೊಡಗುತ್ತದೆ. ಅಂದಾಜು ಸಿಗದವರು ಮುಂದಿನ ಟಯರಿಗೂ ಮೇಲಿನ ಕಬ್ಬಿಣದ ಪಟ್ಟಿಗೂ ನಡುವೆ ತಕ್ಕ ಅಳತೆಯ ಮರದ ತುಂಡು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚು ಕುಗ್ಗುವುದಿಲ್ಲ. ಬೈಕಿನ ಮಡ್‌ಗಾರ್ಡ್ ಟಯರಿಗೆ ಒತ್ತಿಕೊಂಡೇ ಇದ್ದರೆ ಈ ಉಪಾಯ ನಡೆಯದು.

ಹಿಂದಿನ ಎರಡು ಬೆಲ್ಟು ನಂತರ. ಇವು ಹಿಂದಕ್ಕೂ, ಹೊರಕ್ಕೂ, ಕೆಳಕ್ಕೂ ಹೋಗಬೇಕು. ಕುಣಿಕೆಯನ್ನು ಬೈಕಿನ ಚಾಸಿಗೆ, ಇಲ್ಲವೇ ಹಿಂದಿನ ಸವಾರನ ಫುಟ್‌ರೆಸ್ಟಿನ ಬುಡದ ಕಬ್ಬಿಣಕ್ಕೆ ಹಾಕಿ. ಇಂಡಿಕೇಟರು, ಸೈಲೆನ್ಸರು, ಕ್ಯಾರಿಯರಿನ ಸರಳು ಇವು ಎಳೆತಕ್ಕೆ ಹುಟ್ಟಿದವಲ್ಲ. ಹಿಂದೆ ಮುಂದಿನಷ್ಟು ಕುಗ್ಗಿಸಬೇಕಾಗಿಲ್ಲ; ಚಕ್ರ ಪಕ್ಕಕ್ಕೆ ನೆಗೆಯದಂತೆ ಬಿಗಿಯಿದ್ದರೆ ಸಾಕು.

ಕಡೆಗೆ ಬೈಕನ್ನು ಒಂದನೇ ಗೇರಿಗೆ ಹಾಕಿ. ಮುಂದಿನ ಬ್ರೇಕಿನ ಹಿಡಿಯನ್ನು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಳೆದು ಕಟ್ಟಿ. ಉಳಿದ ಬೆಲ್ಟಿನ ತುದಿಗಳನ್ನು ಗಾಳಿಗೆ ಹಾರದಂತೆ ಗಂಟು ಹಾಕಿ. ಹಾರುವ ತುದಿ ರ‍್ಯಾಚೆಟ್ಟಿನ ಹಿಡಿಯನ್ನೇ ಬಿಚ್ಚಿಸಬಹುದು. ಕಾರ್ಬುರೇಟರಿನ ಹಳೆಯ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ. ಟ್ಯಾಂಕು ತುಂಬಿರದಿದ್ದರೆ ಒಳ್ಳೆಯದು.

ಸ್ಕೂಟರಿನ ವಿಚಾರವಾಗಿ ಎರಡು ಮಾತು. ಅದರ ಹೊರಮೈಯ ಪ್ಲಾಸ್ಟಿಕ್ಕಿಗೆ ಎಳೆತ ಬೀಳಬಾರದು. ಮುಂದೆ ಚಕ್ರದ ಮೇಲಿನ ಫೋರ್ಕಿಗೆ, ಹಿಂದೆ ಸೀಟಿನ ಹಿಂದಿರುವ ಹಿಡಿಯ ಕಬ್ಬಿಣದ ಬುಡಕ್ಕೆ ಕುಣಿಕೆ ಹಾಕುವುದು. ಗೇರಿಲ್ಲದ ಕಾರಣ ಎರಡು ಬ್ರೇಕನ್ನೂ ಕಟ್ಟಬೇಕು.

ಸರಿಯಾಗಿ ಕಟ್ಟಿದ ಬೈಕನ್ನು ಪರೀಕ್ಷಿಸುವುದು ಸುಲಭ. ಹ್ಯಾಂಡಲು ಹಿಡಿದು ಜೋರಾಗಿ ಪಕ್ಕಕ್ಕೆ ಅಲುಗಿಸಿ. ಬೈಕೊಂದೇ ಅಲುಗಾಡಿದರೆ ಕಟ್ಟು ಸಾಲದು. ಬೈಕಿನ ಜೊತೆ ಇಡೀ ಪಿಕಪ್ಪೇ ಅಲುಗಾಡಿದರೆ ಕಟ್ಟು ಸರಿಯಾಗಿದೆ.

ದಾರಿಯಲ್ಲಿ ಮತ್ತು ಇಳಿಸುವಾಗ

ಎಷ್ಟೇ ಚೆನ್ನಾಗಿ ಕಟ್ಟಿದರೂ ಮೊದಲ ನಾಲ್ಕೈದು ಕಿಲೋಮೀಟರಿನಲ್ಲಿ ಟಯರು, ಕುಣಿಕೆ, ಪಟ್ಟಿ ಎಲ್ಲವೂ ತಮ್ಮ ಜಾಗಕ್ಕೆ ಕೂರುತ್ತವೆ, ಒಂದೆರಡು ಹಲ್ಲಿನಷ್ಟು ಸಡಿಲ ಬರುತ್ತದೆ. ಆದ್ದರಿಂದ ಮನೆಯ ಕಚ್ಚಾ ರಸ್ತೆ ಮುಗಿದು ಡಾಂಬರು ಸೇರುವಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಘಟ್ಟದ ತಲೆಯಲ್ಲಿ ಇನ್ನೊಮ್ಮೆ ನೋಡಿ: ಚಾರ್ಮಾಡಿಗೆ ಇಳಿಯುವವರು ಕೊಟ್ಟಿಗೆಹಾರದಲ್ಲಿ, ಶಿರಾಡಿಗೆ ಇಳಿಯುವವರು ಸಕಲೇಶಪುರ ದಾಟುವಾಗ, ಸಂಪಾಜೆಯ ಕಡೆಯವರು ಮಡಿಕೇರಿ ಬಿಡುವಾಗ. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಇಳಿಯುವವರಿಗಂತೂ ಇದನ್ನು ಎರಡು ಸಲ ಹೇಳಬೇಕು. ಚಹ ಕುಡಿಯುವ ಹೊತ್ತಿನಲ್ಲಿ ಆಗುವ ಕೆಲಸವಿದು. ತಿರುವಿನಲ್ಲಿ ವೇಗ 20 ಮೀರದಿರಲಿ. ಮೇಲಿನ ಲೆಕ್ಕ ನೆನಪಿರಲಿ.

ಇಳಿಸುವಾಗ ಅವಸರ ಕೂಡದು. ಕುಗ್ಗಿರುವ ಸ್ಪ್ರಿಂಗು ಮೇಲೆ ಚಿಮ್ಮಲು ಕಾದಿರುತ್ತದೆ, ರ‍್ಯಾಚೆಟ್ಟು ಬಿಚ್ಚಿದ ಕೂಡಲೇ ಒಮ್ಮೆಲೇ ಬಿಡುತ್ತದೆ. ಮೊದಲು ಸೈಡ್ ಸ್ಟ್ಯಾಂಡು ಇಳಿಸಿ, ಒಬ್ಬರು ಎಡಗಡೆ ಹಿಡಿದು ನಿಂತ ಮೇಲೆ ಹಿಂದಿನ ಬೆಲ್ಟುಗಳನ್ನು ಬಿಚ್ಚಿ. ನಂತರ ಮುಂದಿನ ಬಲಗಡೆಯದು, ಕಡೆಗೆ ಎಡಗಡೆಯದು. ಹೀಗೆ ಮಾಡಿದರೆ ಬೈಕು ಸ್ಟ್ಯಾಂಡಿನ ಕಡೆಗೇ ವಾಲುತ್ತದೆ. ಊರು ತಲುಪಿದ ಮೇಲೆ ಬೈಕನ್ನು ಕಟ್ಟಿದಂತೆಯೇ ದಿನಗಟ್ಟಲೆ ಬಿಡಬೇಡಿ. ಬೆಲ್ಟನ್ನು ಬಿಸಿಲಿನಲ್ಲಿ ಗಾಡಿಯಲ್ಲೇ ಬಿಸಾಡದೆ ಒಣಗಿಸಿ ಸುತ್ತಿಡಿ. ಹೊಲಿಗೆ ಬಿಟ್ಟ, ಅಂಚು ಹರಿದ ಬೆಲ್ಟನ್ನು ಅಂದೇ ತೆಗೆದುಹಾಕಿ.

ಹಿಂದೆ ಜನರನ್ನು ಕೂರಿಸುವ ವಿಚಾರ

ಇಷ್ಟೆಲ್ಲ ಬರೆದದ್ದರ ಉದ್ದೇಶ ಒಂದೇ: ಬೈಕು ಸಾಗಿಸುವ ಗಾಡಿಯ ಹಿಂದೆ ಮನುಷ್ಯ ಇರಬಾರದು. ಸರಿಯಾಗಿ ಕಟ್ಟಿದರೆ ಅವನ ಅಗತ್ಯವಿಲ್ಲ. ಸರಿಯಾಗಿ ಕಟ್ಟದಿದ್ದರೆ ಅವನಿಂದ ತಡೆಯಲಾಗುವುದಿಲ್ಲ.

ಇದರಲ್ಲಿ ಕಾನೂನಿನ ಮಾತೂ ಇದೆ. ಸರಕು ಸಾಗಣೆ ವಾಹನದಲ್ಲಿ ಬಾಡಿಗೆ ಇಲ್ಲದೆ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಎಂಬವರ ಪ್ರಕರಣದಲ್ಲಿ ತೀರ್ಮಾನಿಸಿದೆ. 1988ರ ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿ ಸರಕಿನ ಒಡೆಯನನ್ನೂ ಅವನ ಅಧಿಕೃತ ಪ್ರತಿನಿಧಿಯನ್ನೂ ವಿಮೆಯ ರಕ್ಷಣೆಯೊಳಗೆ ತಂದಿತು. "ಸ್ವಲ್ಪ ಹಿಡ್ಕೋ" ಎಂದಾಗ ಪಕ್ಕದ ಮನೆಯಿಂದ ಓಡಿಬಂದು ಹತ್ತಿದ ಹುಡುಗ ಇವರಲ್ಲಿ ಯಾರೂ ಅಲ್ಲ. ಅವನಿಗೆ ಏನಾದರೂ ಆದರೆ ಹೊರೆ ಬೀಳುವುದು ಗಾಡಿಯ ಒಡೆಯನ ಮೇಲೆ. ಹಣದ ಹೊರೆಯನ್ನು ಹೇಗೋ ಹೊರಬಹುದು. ಇನ್ನೊಂದು ಹೊರೆ ಹಾಗೆ ಇಳಿಯುವಂಥದ್ದಲ್ಲ ಎಂಬುದನ್ನು ನಾವು ಅನುಭವದಿಂದ ಬಲ್ಲೆವು.

ನಮ್ಮ ಕೊನೆಗಾರ ಮರುವರ್ಷ ಮರ ಹತ್ತಿದ. ಮೊದಲಿನಷ್ಟು ಮರಗಳನ್ನು ಒಂದೇ ದಿನ ಮುಗಿಸಲಾರ, ಮಳೆ ಬಂದ ದಿನ ಹರಡು ನೋಯುತ್ತದೆ ಎನ್ನುತ್ತಾನೆ. ಈಗ ನಮ್ಮ ಮನೆಯಲ್ಲಿ ಬೈಕು ಕಟ್ಟುವ ದಿನ ಅವನು ಬಂದು ಒಂದೊಂದು ಬೆಲ್ಟನ್ನೂ ಎಳೆದು ನೋಡುತ್ತಾನೆ. ಅವನು ಸರಿ ಎಂದ ಮೇಲೆಯೇ ಗಾಡಿ ಹೊರಡುವುದು. ಅವನು ಮಾತ್ರ ಅಂಗಳದಲ್ಲೇ ಉಳಿಯುತ್ತಾನೆ.

ಸಂಘದ ಗೋದಾಮಿನಲ್ಲಿ ನಾಲ್ಕು ಬೆಲ್ಟು, ನಾಲ್ಕು ಕುಣಿಕೆಯ ಎರಡು ಜೊತೆಯನ್ನೂ ಎಂಟಡಿಯ ಒಂದು ಹಲಗೆಯನ್ನೂ ಇರಿಸಲಾಗಿದೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು, ಬಾಡಿಗೆ ಇಲ್ಲ. ಕೆಲಸ ಮುಗಿದ ಮೇಲೆ ಒಣಗಿಸಿ ಮರಳಿಸಬೇಕಾಗಿ ವಿನಂತಿ. ಕಟ್ಟುವ ಕ್ರಮವನ್ನು ಕಣ್ಣಾರೆ ನೋಡಬಯಸುವವರು ಗೋದಾಮು ತೆರೆದಿರುವ ಯಾವ ದಿನ ಬಂದರೂ ತೋರಿಸುತ್ತೇವೆ.

— ಕಾರ್ಯದರ್ಶಿ